ಬಾಂಕಾ ದಂಡೆಯ ಸಾಕ್ಷಿ, ಫೇರ್‌ಫೀಲ್ಡ್‌ನ ಮೇಟ್ರನ್

1946ರ ಡಿಸೆಂಬರ್ ತಿಂಗಳು. ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷ ಕಳೆದಿತ್ತು. ಜಪಾನಿನ ಯುದ್ಧಕಾಲದ ನಾಯಕರ ವಿಚಾರಣೆ ಟೋಕಿಯೊದಲ್ಲಿ ನಡೆಯುತ್ತಿತ್ತು. ಹನ್ನೊಂದು ದೇಶಗಳ ಹನ್ನೊಂದು ನ್ಯಾಯಾಧೀಶರ ಪೀಠ ಅದು. ಭಾರತದ ರಾಧಾಬಿನೋದ್ ಪಾಲ್ ಅವರೂ ಆ ಪೀಠದಲ್ಲಿದ್ದರು. ಅಧ್ಯಕ್ಷರು ಆಸ್ಟ್ರೇಲಿಯಾದ ವಿಲಿಯಂ ವೆಬ್. ಆ ನ್ಯಾಯಾಲಯದ ಸಾಕ್ಷಿಕಟ್ಟೆಗೆ ಆಸ್ಟ್ರೇಲಿಯಾ ಸೇನೆಯ ದಾದಿಯೊಬ್ಬರು ಬಂದು ನಿಂತರು. ಎತ್ತರದ ನಿಲುವು, ಸಮಾಧಾನದ ಮಾತು. ಅದೇ ತಿಂಗಳು ಅವರಿಗೆ 31 ವರ್ಷ ತುಂಬಿತ್ತು. ಕಡಲ ದಂಡೆಯೊಂದರಲ್ಲಿ ತಮ್ಮ ಜೊತೆಗಿದ್ದ 21 ಮಂದಿ ದಾದಿಯರು ಹೇಗೆ ಸತ್ತರೆಂದು ಅವರು ದನಿ ಏರಿಸದೆ, ಕಣ್ಣೀರು ಹಾಕದೆ ಹೇಳಿದರು. ಆ ದಾದಿಯ ಹೆಸರು ವಿವಿಯನ್ ಬುಲ್‌ವಿಂಕೆಲ್.

ಅಂದು ಹೇಳಿದ್ದೆಲ್ಲ ನಿಜ. ಆದರೆ ಅಂದು ಎಲ್ಲವನ್ನೂ ಹೇಳಲಿಲ್ಲ, ಹೇಳಲು ಬಿಡಲಿಲ್ಲ ಎಂಬುದು ಹೊರಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಈ ನಡುವಿನ ವರ್ಷಗಳಲ್ಲಿ ಆಕೆ ಸುಮ್ಮನೆ ಕೂರಲಿಲ್ಲ. ಮೆಲ್ಬರ್ನ್ ನಗರದ ದೊಡ್ಡ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಟ್ರನ್ ಆಗಿ, ನೂರಾರು ದಾದಿಯರನ್ನು ತಯಾರು ಮಾಡಿ, 1977ರಲ್ಲಿ ನಿವೃತ್ತರಾದರು. ಸಾಮಾನ್ಯವಾಗಿ ಅವರ ಬಗ್ಗೆ ಬರೆಯುವವರು ಕಡಲ ದಂಡೆಯ ಆ ಒಂದು ಬೆಳಗನ್ನು ಹೇಳಿ ನಿಲ್ಲಿಸಿಬಿಡುತ್ತಾರೆ. ಆ ಬೆಳಗನ್ನು ಹೇಳದೆ ಆಕೆಯ ಕತೆ ಹೇಳುವಂತಿಲ್ಲ, ನಿಜ. ಆದರೆ ಆಕೆ ಬದುಕಿದ್ದು 84 ವರ್ಷ.

ದಕ್ಷಿಣ ಆಸ್ಟ್ರೇಲಿಯಾದ ಕಪುಂಡಾ ಎಂಬ ಊರಿನಲ್ಲಿ 1915ರ ಡಿಸೆಂಬರ್ 18ರಂದು ವಿವಿಯನ್ ಹುಟ್ಟಿದರು. ಬ್ರೋಕನ್ ಹಿಲ್ ಎಂಬ ಗಣಿ ಪಟ್ಟಣದ ಆಸ್ಪತ್ರೆಯಲ್ಲಿ ಶುಶ್ರೂಷೆ ಮತ್ತು ಹೆರಿಗೆ ತರಬೇತಿ ಪಡೆದರು. ಯುದ್ಧ ಶುರುವಾದಾಗ ವಾಯುಪಡೆ ಸೇರಲು ಹೋದರೆ ಚಪ್ಪಟೆ ಪಾದವೆಂದು ತಿರಸ್ಕರಿಸಿದರು. ಸೇನೆಯ ದಾದಿಯರ ದಳಕ್ಕೆ ಪಾದದ ಚಿಂತೆ ಇರಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದ 13ನೇ ಜನರಲ್ ಆಸ್ಪತ್ರೆಯ ಸಿಬ್ಬಂದಿಯೊಂದಿಗೆ ಅವರು ಹಡಗು ಹತ್ತಿ ಸಿಂಗಪುರಕ್ಕೆ ಬಂದರು. ಆಗಿನ್ನೂ ಅಲ್ಲಿ ಯುದ್ಧವಿರಲಿಲ್ಲ. ಬ್ರಿಟಿಷರ ಸಿಂಗಪುರ ಕೋಟೆ ಯಾರಿಗೂ ಬೀಳದು ಎಂದೇ ಎಲ್ಲರ ನಂಬಿಕೆ.

ಆ ನಂಬಿಕೆ ಎಪ್ಪತ್ತೇ ದಿನದಲ್ಲಿ ಮುರಿಯಿತು. 1941ರ ಡಿಸೆಂಬರ್ 8ರಂದು ಮಲಯಾದ ಉತ್ತರ ತೀರದಲ್ಲಿ ಇಳಿದ ಜಪಾನಿ ಸೇನೆ 1942ರ ಫೆಬ್ರವರಿ 15ರಂದು ಸಿಂಗಪುರವನ್ನು ವಶ ಮಾಡಿಕೊಂಡಿತು. ಶರಣಾದವರಲ್ಲಿ ಸಾವಿರಾರು ಭಾರತೀಯ ಸೈನಿಕರಿದ್ದರು. ಫೆಬ್ರವರಿ 17ರಂದು ಅವರನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಕಲೆಹಾಕಿದ್ದು, ಆಜಾದ್ ಹಿಂದ್ ಫೌಜ್ ಅಲ್ಲಿಂದ ಮೊಳೆತದ್ದು ನಮ್ಮ ಓದುಗರಿಗೆ ಗೊತ್ತಿರುವ ಇತಿಹಾಸ. ಮುಂದೆ ಕ್ಯಾಪ್ಟನ್ ಲಕ್ಷ್ಮಿ ಎಂದು ಹೆಸರಾದ ವೈದ್ಯೆ ಆಗ ಅದೇ ಊರಿನಲ್ಲಿದ್ದರು. ಬಾಂಕಾ ದಂಡೆಯ ಘಟನೆ ನಡೆದದ್ದು ಫ್ಯಾರರ್ ಪಾರ್ಕ್ ಸಭೆಯ ಹಿಂದಿನ ದಿನ.

ಊರು ಬೀಳುವುದು ಖಚಿತವಾದಾಗ ದಾದಿಯರನ್ನು ಹೊರಗೆ ಕಳುಹಿಸಲು ಆಜ್ಞೆಯಾಯಿತು. ಗಾಯಾಳುಗಳನ್ನು ಬಿಟ್ಟು ಹೋಗಲು ದಾದಿಯರಿಗೆ ಮನಸ್ಸಿರಲಿಲ್ಲ. ಆದರೆ ಸೇನೆಯ ಆಜ್ಞೆಗೆ ಎದುರಾಡುವಂತಿಲ್ಲ. ಫೆಬ್ರವರಿ 12ರ ಸಂಜೆ, ಕೊನೆಯ ತಂಡದ 65 ದಾದಿಯರು ‘ವೈನರ್ ಬ್ರೂಕ್’ ಎಂಬ ಸಣ್ಣ ಹಡಗು ಹತ್ತಿದರು. ಅದರಲ್ಲಿ ಮೊದಲೇ ಹೆಂಗಸರು, ಮಕ್ಕಳು, ವೃದ್ಧರು ಕಿಕ್ಕಿರಿದಿದ್ದರು. ಎರಡು ದಿನದ ನಂತರ, ಸುಮಾತ್ರಾ ಪಕ್ಕದ ಬಾಂಕಾ ಜಲಸಂಧಿಯಲ್ಲಿ ಜಪಾನಿ ವಿಮಾನಗಳು ಹಡಗಿನ ಮೇಲೆ ಬಾಂಬು ಹಾಕಿದವು. ಕಾಲು ಗಂಟೆಯಲ್ಲಿ ಹಡಗು ಮುಳುಗಿತು. ಹನ್ನೆರಡು ದಾದಿಯರು ನೀರಿನಲ್ಲೇ ಹೋದರು. ಉಳಿದವರು ತೇಲುತ್ತಾ, ಒಡೆದ ದೋಣಿಗಳಿಗೆ ಜೋತುಬಿದ್ದು, ಬಾಂಕಾ ದ್ವೀಪದ ಬೇರೆ ಬೇರೆ ಕಡೆ ದಡ ಸೇರಿದರು.

ವಿವಿಯನ್ ಸೇರಿದಂತೆ 22 ದಾದಿಯರು ಸೇರಿದ್ದು ರಾಡ್ಜಿ ಎಂಬ ದಂಡೆ. ಮೇಟ್ರನ್ ಐರೀನ್ ಡ್ರಮಂಡ್ ಅವರಲ್ಲಿ ಹಿರಿಯರು. ಮುಳುಗಿದ ಬೇರೆ ಹಡಗುಗಳಿಂದ ಬಂದ ಬ್ರಿಟಿಷ್ ಸೈನಿಕರೂ ಅಲ್ಲಿ ಸೇರಿಕೊಂಡರು. ಮಕ್ಕಳು ಅಳುತ್ತಿದ್ದವು, ಗಾಯಾಳುಗಳು ನರಳುತ್ತಿದ್ದರು, ಊಟವಿರಲಿಲ್ಲ. ಹತ್ತಿರದ ಹಳ್ಳಿಯವರು ಜಪಾನಿಯರ ಭಯದಿಂದ ಸಹಾಯ ಮಾಡಲು ಹಿಂಜರಿದರು. ಎಲ್ಲರೂ ಕೂತು ಮಾತಾಡಿ ಶರಣಾಗುವುದೆಂದು ತೀರ್ಮಾನಿಸಿದರು. ಹಡಗಿನ ಅಧಿಕಾರಿಯೊಬ್ಬರು ಸೈನಿಕರನ್ನು ಕರೆತರಲು ಮುಂಟೋಕ್ ಪಟ್ಟಣಕ್ಕೆ ಹೋದರು. ಅಷ್ಟರಲ್ಲಿ ಡ್ರಮಂಡ್ ಅವರ ಸಲಹೆಯಂತೆ ಹೆಂಗಸರು, ಮಕ್ಕಳು ನಡೆದು ಪಟ್ಟಣದ ಕಡೆ ಹೊರಟರು. ಗಾಯಾಳುಗಳನ್ನು ನೋಡಿಕೊಳ್ಳಲು ದಾದಿಯರು ದಂಡೆಯಲ್ಲೇ ಉಳಿದರು. ಅವರ ಜೊತೆ ತನ್ನ ಗಂಡನನ್ನು ಬಿಟ್ಟು ಹೋಗಲೊಲ್ಲದ ಮಹಿಳೆಯೊಬ್ಬಳೂ ಉಳಿದಳು. ಉಳಿದದ್ದೇ ಅವರ ಪ್ರಾಣಕ್ಕೆ ಬಂತು.

ಫೆಬ್ರವರಿ 16ರ ಬೆಳಗ್ಗೆ ಜಪಾನಿ ಸೈನಿಕರು ಬಂದರು. ಗಂಡಸರನ್ನು ಎರಡು ತಂಡ ಮಾಡಿ ಬಂಡೆಯ ಆಚೆಗೆ ಕರೆದೊಯ್ದರು. ಹಿಂದಿರುಗಿದ ಸೈನಿಕರು ಬಯೊನೆಟ್‌ಗಳನ್ನು ಒರೆಸುತ್ತಿದ್ದರು. ಆಮೇಲೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕಡಲಿಗೆ ನಡೆಯುವಂತೆ ಸನ್ನೆ ಮಾಡಿದರು. ನೀರು ಸೊಂಟದ ಮಟ್ಟಕ್ಕೆ ಬಂದಾಗ ಹಿಂದಿನಿಂದ ಮೆಷಿನ್ ಗನ್ ಸಿಡಿಯಿತು. ವಿವಿಯನ್ ಅವರಿಗೆ ಸೊಂಟದ ಪಕ್ಕದಲ್ಲಿ ಗುಂಡು ಹೊಕ್ಕು ಮುಂದಿನಿಂದ ಹೊರಬಿತ್ತು. ಸತ್ತಂತೆ ನೀರಿನಲ್ಲಿ ತೇಲಿದರು. ಅಲೆಗಳು ಅವರನ್ನು ದಡಕ್ಕೆ ತಂದು ಹಾಕಿದವು. ಎದ್ದು ನೋಡಿದಾಗ ದಂಡೆಯಲ್ಲಿ ಯಾರೂ ಇರಲಿಲ್ಲ.

ಕಾಡಿನಂಚಿನಲ್ಲಿ ಅವರಿಗೆ ಇನ್ನೊಂದು ಜೀವ ಸಿಕ್ಕಿತು. ಕಿನ್ಸ್‌ಲಿ ಎಂಬ ಬ್ರಿಟಿಷ್ ಸಿಪಾಯಿ, ಬಯೊನೆಟ್ ತಿವಿತಕ್ಕೆ ಸಿಕ್ಕು ಹೇಗೋ ಬದುಕಿಕೊಂಡವನು. ಗುಂಡೇಟು ತಿಂದ ದಾದಿ ಹನ್ನೆರಡು ದಿನ ಅವನ ಗಾಯ ತೊಳೆದು, ತೆಂಗಿನ ನಾರು ಕಟ್ಟಿ, ನೀರು ತಂದು ನೋಡಿಕೊಂಡರು. ಆಹಾರಕ್ಕೆ ಹಳ್ಳಿಗೆ ಹೋದರೆ ಗಂಡಸರು ಬೇಡವೆಂದು ಅಟ್ಟಿದರು; ಹಿಂತಿರುಗುವ ದಾರಿಯಲ್ಲಿ ಹೆಂಗಸರು ಗುಟ್ಟಾಗಿ ಬಂದು ಅನ್ನ ಕೊಟ್ಟರು. ಹೀಗೆ ಎಷ್ಟು ದಿನ? ಮತ್ತೆ ಶರಣಾಗುವುದೊಂದೇ ದಾರಿ ಎಂದು ವಿವಿಯನ್ ಹೇಳಿದಾಗ ಕಿನ್ಸ್‌ಲಿ ಒಂದು ದಿನ ತಡೆಯೋಣ ಎಂದ. ನಾಳೆ ತನ್ನ 39ನೇ ಹುಟ್ಟುಹಬ್ಬ, ಅದನ್ನು ಸ್ವತಂತ್ರನಾಗಿ ಕಳೆಯಬೇಕು ಎಂಬುದು ಅವನ ಆಸೆ. ಆ ಒಂದು ದಿನ ಕಳೆದು ಇಬ್ಬರೂ ಪಟ್ಟಣದ ಕಡೆ ನಡೆದರು. ಕಿನ್ಸ್‌ಲಿ ಕೆಲವೇ ದಿನಗಳಲ್ಲಿ ಸೆರೆಯಲ್ಲಿ ಸತ್ತ.

ಮುಂಟೋಕ್‌ನ ಸೆರೆಯಲ್ಲಿ ಹಡಗಿನಿಂದ ಬದುಕಿ ಬಂದ ಉಳಿದ 31 ದಾದಿಯರು ವಿವಿಯನ್‌ಗೆ ಸಿಕ್ಕರು. ‘ಉಳಿದವರೆಲ್ಲಿ?’ ಎಂಬ ಪ್ರಶ್ನೆಗೆ ಅವರು ಉತ್ತರ ಕೊಟ್ಟರು. ಕೇಳಿದವರು ಅಲ್ಲೇ ಒಂದು ನಿರ್ಧಾರಕ್ಕೆ ಬಂದರು. ಈ ವಿಷಯ ಯಾರೂ ಬಾಯಿ ಬಿಡಬಾರದು. ಕೊಲೆಗೆ ಬದುಕುಳಿದ ಸಾಕ್ಷಿ ಇದ್ದಾಳೆಂದು ಕಾವಲಿನವರಿಗೆ ತಿಳಿದರೆ ಆಕೆಯನ್ನು ಉಳಿಸುವುದಿಲ್ಲ. ಸಮವಸ್ತ್ರದ ಗುಂಡಿನ ತೂತು ಕಾಣದಂತೆ ವಿವಿಯನ್ ಅದರ ಮೇಲೆ ನೀರಿನ ಬಾಟಲಿ ನೇತುಹಾಕಿಕೊಂಡಿದ್ದರು. ಮೂರೂವರೆ ವರ್ಷ, ಮೂವತ್ತಕ್ಕೂ ಹೆಚ್ಚು ಜನ, ಹಸಿವು ರೋಗ ಜಗಳಗಳ ನಡುವೆಯೂ ಆ ಗುಟ್ಟು ಹೊರಗೆ ಹೋಗಲಿಲ್ಲ.

ಶಿಬಿರದ ಬದುಕನ್ನು ಹಲವರು ಬರೆದಿದ್ದಾರೆ. ವಿವಿಯನ್ ಅವರ ಗೆಳತಿ ಬೆಟ್ಟಿ ಜೆಫ್ರಿ ಕದ್ದುಮುಚ್ಚಿ ಇಟ್ಟ ದಿನಚರಿ 1954ರಲ್ಲಿ ಪುಸ್ತಕವಾಯಿತು. ಕಲ್ಲು ಹರಳು ಬೆರೆತ ಅಕ್ಕಿ, ಒಂದಿಷ್ಟು ಸೊಪ್ಪು, ಅಷ್ಟೇ ಊಟ. ಡಚ್ ಹೆಂಗಸರ ಬಳಿ ಅಷ್ಟಿಷ್ಟು ದುಡ್ಡಿತ್ತು. ದಾದಿಯರ ಬಳಿ ಉಟ್ಟ ಬಟ್ಟೆಯ ಹೊರತು ಏನೂ ಇರಲಿಲ್ಲ. ಕೂದಲು ಕತ್ತರಿಸಿ, ಟೋಪಿ ಹೆಣೆದು, ಬೇರೆಯವರ ಮಕ್ಕಳನ್ನು ನೋಡಿಕೊಂಡು ಕಾಸು ಸಂಪಾದಿಸಿದರು. ಮಲೇರಿಯಾ, ಆಮಶಂಕೆ, ಬೆರಿಬೆರಿ ಶಿಬಿರವನ್ನು ಬರಿದು ಮಾಡುತ್ತಿದ್ದಾಗ ಔಷಧಿಯಿಲ್ಲದೆಯೇ ಶುಶ್ರೂಷೆ ಮಾಡಿದರು. ಬೆರಿಬೆರಿ ಎಂದರೆ ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದು ಬಿ1 ಜೀವಸತ್ವ ಕಡಿಮೆಯಾಗಿ ಬರುವ ಕಾಯಿಲೆ. ಕೈಕಾಲು ಊದಿ ಕೊನೆಗೆ ಹೃದಯ ಸೋಲುತ್ತದೆ. ಸತ್ತವರ ಗುಂಡಿಯನ್ನು ತೋಡುವ ಕೆಲಸವೂ ಬದುಕಿದ್ದ ಹೆಂಗಸರದೇ.

ಅಂಥ ಜಾಗದಲ್ಲಿ ಸಂಗೀತವೂ ಇತ್ತೆಂದರೆ ನಂಬುವುದು ಕಷ್ಟ. ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಶಿಕ್ಷಕಿ ಪಾಶ್ಚಾತ್ಯ ವಾದ್ಯಗೋಷ್ಠಿಯ ಕೃತಿಗಳನ್ನು ನೆನಪಿನಿಂದಲೇ ಕಾಗದಕ್ಕೆ ಇಳಿಸಿದರು. ವಾದ್ಯಗಳಿರಲಿಲ್ಲ. ಆದ್ದರಿಂದ ಒಂದೊಂದು ವಾದ್ಯದ ಭಾಗವನ್ನು ಹೆಂಗಸರ ಗಂಟಲಿಗೆ ಹಂಚಿದರು. ಸಾಹಿತ್ಯವಿಲ್ಲದೆ ಬರೀ ದನಿಯಲ್ಲಿ ಹಾಡಿಸಿದರು. ಮೊದಲ ಕಛೇರಿ 1943ರ ಡಿಸೆಂಬರ್ 27ರಂದು ಪಾಲೆಂಬಾಂಗ್ ಶಿಬಿರದಲ್ಲಿ ನಡೆಯಿತು. ಹಾಡುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತ ಮೇಲೆ ಆ ಗೋಷ್ಠಿ ನಿಂತಿತು. ಡ್ರೈಬರ್ಗ್ ಅವರೂ 1945ರ ಏಪ್ರಿಲ್‌ನಲ್ಲಿ ತೀರಿಕೊಂಡರು. 1997ರಲ್ಲಿ ಬಂದ ‘ಪ್ಯಾರಡೈಸ್ ರೋಡ್’ ಚಲನಚಿತ್ರಕ್ಕೆ ಈ ಶಿಬಿರವೇ ಆಧಾರ.

ಮೂವತ್ತೆರಡು ದಾದಿಯರಲ್ಲಿ ಎಂಟು ಮಂದಿ ಶಿಬಿರಗಳಲ್ಲೇ ಸತ್ತರು. ಕೊನೆಯವರು ಸತ್ತದ್ದು 1945ರ ಆಗಸ್ಟ್ 18ರಂದು. ಜಪಾನ್ ಶರಣಾಗಿ ಆಗ ಮೂರು ದಿನವಾಗಿತ್ತು. ಆದರೆ ಸುಮಾತ್ರಾದ ರಬ್ಬರ್ ತೋಟದೊಳಗಿನ ಆ ಶಿಬಿರಕ್ಕೆ ಸುದ್ದಿಯನ್ನು ಇನ್ನೂ ಹೇಳಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ವಿಮಾನವೊಂದು ಅವರನ್ನು ಹುಡುಕಿಕೊಂಡು ಬಂತು. 65 ದಾದಿಯರಲ್ಲಿ ಊರಿಗೆ ಮರಳಿದವರು 24.

ಇಲ್ಲಿಂದ ಮುಂದಿನ ಕತೆಯನ್ನು ಆಸ್ಟ್ರೇಲಿಯಾದವರೂ ಕಡಿಮೆ ಹೇಳುತ್ತಾರೆ.

ಸೆರೆಯಿಂದ ಬಂದ ವಿವಿಯನ್ ಮತ್ತು ಬೆಟ್ಟಿ ಜೆಫ್ರಿ ಮೊದಲು ಹಿಡಿದ ಕೆಲಸ ಚಂದಾ ಎತ್ತುವುದು. ಸತ್ತ ದಾದಿಯರಿಗೆ ಕಲ್ಲಿನ ಕಂಬ ಬೇಡ, ಬದುಕಿರುವ ದಾದಿಯರಿಗೆ ಉಪಯೋಗವಾಗುವ ಒಂದು ಮನೆ ಬೇಕು ಎಂಬುದು ಅವರ ವಿಚಾರ. ಇಬ್ಬರೂ ವಿಕ್ಟೋರಿಯಾ ರಾಜ್ಯದ ಊರೂರು ಸುತ್ತಿ, ಆಸ್ಪತ್ರೆಗಳಲ್ಲಿ ಸಭೆ ನಡೆಸಿ ಹಣ ಕೂಡಿಸಿದರು. 1950ರಲ್ಲಿ ಮೆಲ್ಬರ್ನ್‌ನಲ್ಲಿ ದಾದಿಯರ ಸ್ಮಾರಕ ಕೇಂದ್ರ ತೆರೆಯಿತು.

ವಿವಿಯನ್ 1947ರಲ್ಲಿ ಸೇನೆ ಬಿಟ್ಟಿದ್ದರು. 1960ರ ದಶಕದ ಆರಂಭದಿಂದ ಅವರು ಫೇರ್‌ಫೀಲ್ಡ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಟ್ರನ್. ಮೆಲ್ಬರ್ನ್‌ನ ಯಾರಾ ನದಿಯ ದಡದಲ್ಲಿ 1904ರಲ್ಲಿ ತೆರೆದ ಆಸ್ಪತ್ರೆ ಇದು. ಬೆಂಗಳೂರಿನವರಿಗೆ ‘ಐಸೊಲೇಷನ್ ಆಸ್ಪತ್ರೆ’ ಎಂದರೆ ಬೇಗ ಅರ್ಥವಾದೀತು. ಡಿಫ್ತೀರಿಯಾ, ಟೈಫಾಯಿಡ್, ಸ್ಕಾರ್ಲೆಟ್ ಜ್ವರ, ಪೋಲಿಯೊ, ಹೀಗೆ ಮನೆಯವರೂ ಹತ್ತಿರ ಬರಲು ಹೆದರುವ ರೋಗಿಗಳನ್ನು ಅಲ್ಲಿಗೆ ತರುತ್ತಿದ್ದರು. 1937ರ ಪೋಲಿಯೊ ಪಿಡುಗಿನಲ್ಲಿ ಉಸಿರಾಡಲಾಗದ ಮಕ್ಕಳನ್ನು ಪೆಟ್ಟಿಗೆಯಂಥ ಉಸಿರಾಟ ಯಂತ್ರಗಳಲ್ಲಿ ಮಲಗಿಸಿ ಉಳಿಸಿದ ಆಸ್ಪತ್ರೆ ಎಂದು ಅದಕ್ಕೆ ಹೆಸರಿತ್ತು.

ಮೇಟ್ರನ್ ಎಂಬ ಪದ ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದ್ದದ್ದೇ. ಬಿಳಿ ಟೋಪಿಯ ಕಟ್ಟುನಿಟ್ಟಿನ ಹೆಂಗಸು ಎಂಬ ಚಿತ್ರ ಥಟ್ಟನೆ ಕಣ್ಣಿಗೆ ಬರುತ್ತದೆ. ಆದರೆ ಆ ಕಾಲದ ಆಸ್ಪತ್ರೆಯಲ್ಲಿ ವೈದ್ಯರ ನಂತರದ ಆಡಳಿತವೆಲ್ಲ ಆಕೆಯ ಕೈಯಲ್ಲಿ. ಯಾವ ವಾರ್ಡಿಗೆ ಯಾರ ಪಾಳಿ, ಹೊಸ ಹುಡುಗಿಯರ ತರಬೇತಿ, ಹಾಸಿಗೆ ಬಟ್ಟೆ, ಶುಚಿತ್ವ, ದಾದಿಯರ ವಸತಿ, ಅವರ ಊಟ ನಿದ್ದೆ, ಎಲ್ಲದಕ್ಕೂ ಆಕೆಯೇ ಹೊಣೆ. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಂತೂ ಈ ಹೊಣೆ ಇಮ್ಮಡಿ. ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ರೋಗ ದಾಟದಂತೆ ತಡೆಯುವುದು ಅಲ್ಲಿ ಔಷಧಿಯಷ್ಟೇ ಮುಖ್ಯ. ಪ್ರತಿ ರೋಗಿಯ ಬಳಿ ಹೋಗುವಾಗ ಬೇರೆ ಗೌನು, ಹೊರಬಂದೊಡನೆ ಕೈ ತೊಳೆಯುವುದು, ತಟ್ಟೆ ಲೋಟ ಬೇರೆ, ಬಟ್ಟೆ ಬೇರೆ. ಒಬ್ಬ ದಾದಿ ಒಮ್ಮೆ ಅಸಡ್ಡೆ ಮಾಡಿದರೂ ಇಡೀ ವಾರ್ಡಿಗೆ ಅಪಾಯ. ಸೋಪಿಲ್ಲದ, ಶೌಚಾಲಯಗಳು ತುಂಬಿ ಹರಿಯುತ್ತಿದ್ದ ಶಿಬಿರಗಳಲ್ಲಿ ಆಮಶಂಕೆ ಹೇಗೆ ಹಬ್ಬುತ್ತದೆಂದು ಮೂರೂವರೆ ವರ್ಷ ಕಂಡವರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1970ರ ದಶಕದಲ್ಲಿ ಅವರು ಆಸ್ಟ್ರೇಲಿಯಾದ ಶುಶ್ರೂಷಾ ಕಾಲೇಜಿನ ಅಧ್ಯಕ್ಷರೂ ಆದರು. ದಾದಿ ಎಂದರೆ ವೈದ್ಯರ ಕೈಕೆಳಗಿನ ಕೆಲಸದಾಕೆಯಲ್ಲ, ಓದು ಬೇಕಾದ ವೃತ್ತಿ ಅದು ಎಂಬ ವಾದ ಬಲವಾಗುತ್ತಿದ್ದ ಕಾಲ. 1975ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧ ಮುಗಿಯುವ ಹಂತಕ್ಕೆ ಬಂದಾಗ, ಸೈಗಾನ್‌ನಿಂದ ಅನಾಥ ಮಕ್ಕಳನ್ನು ಕರೆತರುವ ಕೆಲಸಕ್ಕೆ ದಾದಿಯರ ತಂಡವೊಂದನ್ನು ಕಟ್ಟಿಕೊಂಡು ಹೋದವರು ಇದೇ ಮೇಟ್ರನ್. ಆಗ ಅವರಿಗೆ 59 ವರ್ಷ. ಮೂವತ್ಮೂರು ವರ್ಷದ ಹಿಂದೆ ಬೀಳುತ್ತಿದ್ದ ನಗರವೊಂದರಿಂದ ಆಜ್ಞೆಯ ಮೇಲೆ ಗಾಯಾಳುಗಳನ್ನು ಬಿಟ್ಟು ಹೊರಟಿದ್ದವರು, ಈ ಬಾರಿ ಬೀಳುತ್ತಿದ್ದ ನಗರಕ್ಕೆ ತಾವಾಗಿ ಹೋಗಿ ಮಕ್ಕಳನ್ನು ಎತ್ತಿಕೊಂಡು ಬಂದರು. ಏಪ್ರಿಲ್ 30ರಂದು ಸೈಗಾನ್ ಬಿತ್ತು.

1977ರಲ್ಲಿ ನಿವೃತ್ತಿ. ಅದೇ ವರ್ಷ, 61ನೇ ವಯಸ್ಸಿನಲ್ಲಿ, ಸೇನೆಯ ಕರ್ನಲ್ ಆಗಿದ್ದ ಫ್ರಾನ್ಸಿಸ್ ಸ್ಟೇಥಮ್ ಅವರನ್ನು ಮದುವೆಯಾಗಿ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಹೋದರು. ಹೆಸರು ವಿವಿಯನ್ ಸ್ಟೇಥಮ್ ಎಂದಾಯಿತಾದರೂ ದೇಶಕ್ಕೆ ಅವರು ಕೊನೆತನಕ ಬುಲ್‌ವಿಂಕೆಲ್ ಅವರೇ. ಫ್ಲಾರೆನ್ಸ್ ನೈಟಿಂಗೇಲ್ ಪದಕ 1947ರಲ್ಲೇ ಬಂದಿತ್ತು. ಬೇರೆ ಗೌರವಗಳು ಒಂದರ ಹಿಂದೆ ಒಂದು ಬಂದವು. ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಆಡಳಿತ ಮಂಡಳಿಗೆ ನೇಮಕವಾದ ಮೊದಲ ಮಹಿಳೆಯೂ ಅವರೇ. 1993ರಲ್ಲಿ ಉಳಿದಿದ್ದ ಗೆಳತಿಯರ ಜೊತೆ ಬಾಂಕಾ ದ್ವೀಪಕ್ಕೆ ಹೋಗಿ ಸತ್ತವರ ಸ್ಮಾರಕವನ್ನು ಅನಾವರಣ ಮಾಡಿ ಬಂದರು.

2000ದ ಜುಲೈ 3ರಂದು ಪರ್ತ್‌ನಲ್ಲಿ ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಟೆಸ್ ಲಾರೆನ್ಸ್ ಎಂಬ ಪತ್ರಕರ್ತೆಯ ಬಳಿ ಅವರು ಒಂದು ಮಾತು ಹೇಳಿಕೊಂಡರು. ಕಡಲಿಗೆ ನಡೆಸುವ ಮೊದಲು ಜಪಾನಿ ಸೈನಿಕರು ದಾದಿಯರ ಮೇಲೆ ಅತ್ಯಾಚಾರ ಮಾಡಿದ್ದರು. ಇದನ್ನು ಟೋಕಿಯೊದಲ್ಲಿ ಹೇಳಬೇಕೆಂದು ಅವರಿಗಿತ್ತು. ಹೇಳಕೂಡದೆಂದು ಮೇಲಿನವರು ಅಪ್ಪಣೆ ಮಾಡಿದ್ದರು.

ಇತಿಹಾಸಕಾರರಾದ ಲಿನೆಟ್ ಸಿಲ್ವರ್ ಇದನ್ನು 2019ರಲ್ಲಿ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದರು. ಅದಕ್ಕೆ ಮೊದಲೇ ಯುಕಿ ತನಾಕಾ ಎಂಬ ಜಪಾನಿ ಇತಿಹಾಸಕಾರರಿಗೆ ಈ ಸಂಶಯ ಬಂದಿತ್ತು ಎಂಬುದನ್ನು ಗಮನಿಸಬೇಕು. ಬಾರ್ಬರಾ ಏಂಜೆಲ್ ಎಂಬ ಬರಹಗಾರ್ತಿ ಯುದ್ಧ ಸ್ಮಾರಕದಲ್ಲಿರುವ ವಿವಿಯನ್ ಅವರ ಸಮವಸ್ತ್ರವನ್ನೇ ಪರೀಕ್ಷಿಸಿದರು. ಗುಂಡಿನ ತೂತನ್ನು ಎಲ್ಲರೂ ನೋಡುತ್ತಿದ್ದರು. ಏಂಜೆಲ್ ನೋಡಿದ್ದು ಅದರ ಗುಂಡಿಗಳನ್ನು. ಹೆಚ್ಚಿನವನ್ನು ಬೇರೆ ದಾರದಿಂದ ಮತ್ತೆ ಹೊಲಿಯಲಾಗಿತ್ತು, ಕಿತ್ತುಹೋದ ಮೇಲೆ ಯಾರೋ ಕೂತು ಹೊಲಿದಂತೆ.

ಸರಕಾರ ಏಕೆ ಬಾಯಿ ಮುಚ್ಚಿಸಿತು? ಸತ್ತ ದಾದಿಯರ ತಂದೆತಾಯಿಗಳಿಗೆ ಇನ್ನಷ್ಟು ನೋವು ಬೇಡವೆಂಬ ಕನಿಕರ ಒಂದು ಕಾರಣವಿರಬಹುದು. ಅತ್ಯಾಚಾರಕ್ಕೊಳಗಾದ ಹೆಣ್ಣಿಗೇ ಕಳಂಕ ಅಂಟಿಸುವ ಕಾಲ ಅದು. ಕಾಲ ಪೂರ್ತಿ ಬದಲಾಗಿದೆ ಎಂದು ನಮ್ಮಲ್ಲೂ ಯಾರೂ ಹೇಳಲಾರರು. ಸಿಲ್ವರ್ ಇನ್ನೊಂದು ಕಾರಣವನ್ನೂ ಮುಂದಿಡುತ್ತಾರೆ. 1941ರ ಕ್ರಿಸ್‌ಮಸ್ ದಿನ ಹಾಂಕಾಂಗ್‌ನಲ್ಲಿ ಬ್ರಿಟಿಷ್ ದಾದಿಯರಿಗೆ ಏನಾಯಿತೆಂಬ ಸುದ್ದಿ ಮೇಲಿನ ಅಧಿಕಾರಿಗಳಿಗೆ ತಲುಪಿತ್ತು. ಆದರೂ ಸಿಂಗಪುರದ ದಾದಿಯರನ್ನು ಹೊರಗೆ ಕಳುಹಿಸಲು ಕೊನೆಯ ಗಳಿಗೆಯ ತನಕ ತಡ ಮಾಡಿದರು. ಸತ್ಯ ಹೊರಬಂದಿದ್ದರೆ ಆ ತಡಕ್ಕೂ ಲೆಕ್ಕ ಕೊಡಬೇಕಾಗುತ್ತಿತ್ತು. ಕನಿಕರದ ಹೆಸರಿನಲ್ಲಿ ಎಷ್ಟೋ ಕಡತಗಳು ಹೀಗೆ ಮುಚ್ಚಿಹೋಗುತ್ತವೆ. ಬಾಂಕಾ ದಂಡೆಯ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ತುಕಡಿಯ ಅಧಿಕಾರಿ ಎಂದು ಗುರುತಿಸಲಾದವನು ವಿಚಾರಣೆಗೆ ಮುನ್ನವೇ ಸೆರೆಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಶಿಬಿರದಲ್ಲಿ ಬಾಯಿ ಮುಚ್ಚಿಕೊಂಡದ್ದು ಪ್ರಾಣ ಉಳಿಸಿಕೊಳ್ಳಲು, ಜೊತೆಯವರೆಲ್ಲ ಸೇರಿ ಒಪ್ಪಿ ಮಾಡಿಕೊಂಡ ಮೌನ ಅದು. ಟೋಕಿಯೊದ ನಂತರದ ಮೌನವನ್ನು ಬೇರೆಯವರು ಹೇರಿದ್ದು. ಆಕೆ ಎರಡನ್ನೂ ಹೊತ್ತುಕೊಂಡೇ ದಿನವೂ ವಾರ್ಡು ಸುತ್ತಿದರು, ಪಾಳಿಪಟ್ಟಿ ಬರೆದರು, ಹೊಸ ದಾದಿಯರಿಗೆ ಕೈ ತೊಳೆಯುವುದನ್ನು ಕಲಿಸಿದರು.

2023ರ ಆಗಸ್ಟ್ 2ರಂದು ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಅಂಗಳದಲ್ಲಿ ಅವರ ಕಂಚಿನ ಪ್ರತಿಮೆ ನಿಂತಿತು. ಅಲ್ಲಿ ಹೆಸರಿಟ್ಟು ನಿಲ್ಲಿಸಿದ ಮಹಿಳೆಯ ಮೊದಲ ಪ್ರತಿಮೆ ಅದು. ಪ್ರತಿಮೆಯ ಬುಡದಲ್ಲಿ 22 ಉಕ್ಕಿನ ಬಿಲ್ಲೆಗಳನ್ನು ಕೂರಿಸಿದ್ದಾರೆ. 1942ರ ಫೆಬ್ರವರಿ 16ರ ರಾತ್ರಿ ಆಕಾಶದಲ್ಲಿ ನಕ್ಷತ್ರಗಳಿದ್ದ ಜಾಗಕ್ಕೆ ಸರಿಯಾಗಿ ಅವನ್ನು ಜೋಡಿಸಲಾಗಿದೆ. ಫೇರ್‌ಫೀಲ್ಡ್ ಆಸ್ಪತ್ರೆ ಮಾತ್ರ ಉಳಿಯಲಿಲ್ಲ. ಏಡ್ಸ್ ರೋಗಿಗಳನ್ನು ಎಲ್ಲರೂ ದೂರವಿಡುತ್ತಿದ್ದ ದಿನಗಳಲ್ಲಿ ಅವರನ್ನು ಒಳಗೆ ಕರೆದುಕೊಂಡು ಆರೈಕೆ ಮಾಡಿದ ಆ ಆಸ್ಪತ್ರೆಯನ್ನು 1996ರಲ್ಲಿ ಮುಚ್ಚಿದರು. ಅದರ ಹಳೆಯ ಕಟ್ಟಡಗಳಲ್ಲಿ ಕೆಲವು ಕಾಲೇಜೊಂದರ ಪಾಲಾದವು. ಏಡ್ಸ್‌ನಿಂದ ಸತ್ತವರ ನೆನಪಿಗೆ ಬೆಳೆಸಿದ ಒಂದು ತೋಟ ಅಲ್ಲಿದೆ.